ಮಾರುವವರನ್ನು ಹುಡುಕಿದ ಟಪಾಲಮ್ಮ

ವರ್ಲೀನ್ ಸಗ್ಸ್ ಸೇಂಟ್ ಲೂಯಿಸ್ ನಗರದ ಉತ್ತರ ಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಟಪಾಲು ಹಂಚಿದವಳು. ಮಂಡಿ ಸವೆದು ಕೆಲಸ ಬಿಟ್ಟಾಗ ಅವಳಿಗೆ ಐವತ್ತೆಂಟು. ಆಮೇಲೂ ಎಷ್ಟೋ ದಿನ ಬೆಳಿಗ್ಗೆ ಏಳಾದರೆ ಕಾಲು ತಾನಾಗಿಯೇ ಬಾಗಿಲ ಕಡೆ ಹೋಗುತ್ತಿತ್ತು. ಮನೆಯಲ್ಲಿ ಕೂತು ಕೂತು ಬೇಸತ್ತು, ಹಳೇ ಬ್ಯೂಕ್ ಕಾರಿನ ಕಿಟಕಿ ಇಳಿಸಿಕೊಂಡು ತನ್ನ ಹಳೆಯ ಬೀದಿಗಳಲ್ಲೇ ಒಂದು ಸುತ್ತು ಹಾಕಿ ಬರುತ್ತಿದ್ದಳು. ಯಾಕೆ ಹೋಗಿದ್ದೆ ಎಂದು ಕೇಳಿದರೆ ಹೇಳಲು ಅವಳ ಬಳಿ ಕಾರಣವಿರಲಿಲ್ಲ.

ಕಾರಣ ಒದಗಿಸಿದವನು ಅವಳ ಚರ್ಚಿನ ಡೀಕನ್ ರೇಫೋರ್ಡ್ ಗೇದರ್. ಮನೆ ಮಾರಿ ಕೈತೊಳೆದುಕೊಳ್ಳಬೇಕು ಎನ್ನುವವರನ್ನು ಹುಡುಕಿ, ಅವರ ಜೊತೆ ಒಂದು ಬೆಲೆಗೆ ಕರಾರು ಮಾಡಿಕೊಂಡು, ಆ ಕರಾರನ್ನು ರಿಪೇರಿ ಮಾಡುವವರಿಗೆ ಇನ್ನೊಂದು ಬೆಲೆಗೆ ದಾಟಿಸುವುದು ಅವನ ವ್ಯಾಪಾರ. ಕೊಳ್ಳುವವರು ಸಾಲುಗಟ್ಟಿ ಕಾಯುತ್ತಿದ್ದರು. ಸಿಗದಿದ್ದವರು ಮಾರುವವರೇ. ದೀಪದ ಕಂಬಗಳಿಗೆಲ್ಲ ಬೋರ್ಡು ಹೊಡೆದಿದ್ದ, ಸಾವಿರಾರು ಕಾರ್ಡು ಅಚ್ಚು ಹಾಕಿಸಿ ಕಳಿಸಿದ್ದ. ಫೋನ್ ಮಾಡಿದವರು ಬಹುಪಾಲು ಬೈಯುವುದಕ್ಕೇ ಮಾಡಿದ್ದರು. ಒಂದು ದಿನ ಚರ್ಚಿನ ಕ್ವಾಯರ್ ಹಾಡಿನ ಅಭ್ಯಾಸ ಮುಗಿದ ಮೇಲೆ ಅವನು ವರ್ಲೀನಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತ.

"ಸಿಸ್ಟರ್, ಈ ಕಡೆ ನಿಮಗೆ ಗೊತ್ತಿಲ್ದೇ ಇರೋ ಬಾಗಿಲು ಒಂದಾದ್ರೂ ಇದ್ಯಾ?"

ಇರಲಿಲ್ಲ. ಹಾಗಾಗಿ ಕೆಲಸ ಶುರುವಾಯಿತು. ಬೇರೆಯವರು ಕಂಪ್ಯೂಟರಿನಿಂದ ತೆಗೆಯುತ್ತಿದ್ದ ಪಟ್ಟಿ ಅವಳಿಗೆ ಬೇಕಾಗಲಿಲ್ಲ. ಜಗಲಿಯಲ್ಲಿ ಬಿಸಿಲಿಗೆ ಹಳದಿಯಾದ ಜಾಹೀರಾತು ಕಾಗದ, ಕರೆಂಟ್ ಮೀಟರ್ ಕಿತ್ತುಕೊಂಡು ಹೋದ ಗುರುತು, ಎರಡು ಬೇಸಿಗೆ ಕಳೆದರೂ ಸೂರಿನ ಮೇಲಿಂದ ಇಳಿಯದ ನೀಲಿ ಟಾರ್ಪಾಲು, ಇಷ್ಟು ಕಂಡರೆ ಸಾಕು, ಕಾರು ನಿಲ್ಲಿಸಿ ನೆರೆಯವರನ್ನು ಮಾತಾಡಿಸುತ್ತಿದ್ದಳು. ಆಮೇಲೆ ಮನೆಯ ಒಡೆಯರಿಗೆ ಗೆರೆ ಹೊಡೆದ ಹಳದಿ ಹಾಳೆಯಲ್ಲಿ ಕೈಬರಹದ ಕಾಗದ. ಅತ್ತೆಯಿಂದ ಬಂದ ಮನೆಯನ್ನು ಏನು ಮಾಡುವುದೆಂದು ತಿಳಿಯದೆ ಬೀಗ ಹಾಕಿ ಕೂತಿದ್ದ ಕ್ಷೌರಿಕನೊಬ್ಬ ಆ ಕಾಗದ ಹಿಡಿದುಕೊಂಡೇ ರೇಫೋರ್ಡನ ಆಫೀಸಿಗೆ ಬಂದಿದ್ದ. ಇಷ್ಟು ವರ್ಷದಲ್ಲಿ ತನಗೆ ಕೈಯಲ್ಲಿ ಬರೆದ ಕಾಗದ ಬಂದಿದ್ದು ಇದೇ ಮೊದಲು ಎಂದನಂತೆ.

ಆಶ್ಲೆಂಡ್ ಬೀದಿಯ ಮನೆ ಮಾತ್ರ ಜಗ್ಗಲಿಲ್ಲ. ಕೆಂಪು ಇಟ್ಟಿಗೆಯ ಎರಡಂತಸ್ತಿನ ಮನೆ. ಟೆರೆನ್ಸ್ ಬೋಲ್ಡನ್ ಎಂಬ ಗಾರೆಯವನು ಅದರ ಮೇಲೆ ಕಣ್ಣಿಟ್ಟಿದ್ದ. ಆದರೆ ಒಡತಿ ಅರ್ನೆಸ್ಟೀನ್ ಕಾಲ್ವರ್ಡ್ ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ನಗರಸಭೆಯ ಕಡತದಲ್ಲಿ ಅವರ ವಿಳಾಸವೆಂದು ಇದ್ದದ್ದು ಅದೇ ಖಾಲಿ ಮನೆ. ರೇಫೋರ್ಡ್ ಬರೆದ ಆರು ಕಾಗದವೂ ಅದೇ ಬಾಗಿಲಿಗೆ ಹೋಗಿ ಅವನಿಗೇ ವಾಪಸ್ ಬಂದಿದ್ದವು.

ವರ್ಲೀನಳಿಗೆ ಗೊತ್ತಿತ್ತು. ಪ್ರತಿ ಈಸ್ಟರ್‌ಗೆ ಆ ಮನೆಗೆ ಮಿಸಿಸಿಪ್ಪಿಯ ಒಂದು ಸಣ್ಣ ಊರಿನಿಂದ ಪಾರ್ಸೆಲ್ ಬರುತ್ತಿತ್ತು. ಕಳಿಸುವವರು ತಂಗಿ, ಲವೇಡಾ. ಅರ್ನೆಸ್ಟೀನ್ ಹೋಗಿದ್ದರೆ ಅಲ್ಲಿಗೇ ಹೋಗಿರಬೇಕು. ಇಪ್ಪತ್ತು ವರ್ಷ ಓದಿದ ವಿಳಾಸ, ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಇದನ್ನು ಬಾಯಿತಪ್ಪಿ ಹೇಳಿದ್ದೇ ತಡ, ರೇಫೋರ್ಡ್ ಪೆನ್ನು ತೆಗೆದ.

"ಹೇಳಿ ಸಿಸ್ಟರ್, ನಾನೇ ಇವತ್ತು ಫೋನ್ ಹಚ್ತೀನಿ."

"ಹೇಳಲ್ಲ ಕಣಪ್ಪ. ಲಕೋಟೆ ಮೇಲೆ ನೋಡಿದ್ದನ್ನ ಯಾರಿಗೂ ಹೇಳೋ ಹಾಗಿಲ್ಲ."

"ರಿಟೈರ್ ಆಗಿ ಎರಡು ವರ್ಷ ಆಯ್ತಲ್ಲ?"

"ಚೀಲ ವಾಪಸ್ ಕೊಟ್ಟಿದ್ದೀನಿ. ಬಾಯಿ ಕೊಟ್ಟಿಲ್ಲ."

ಹೇಳುವುದೇನೋ ಹೇಳಿದಳು. ಆದರೆ ತಾನೇ ಆ ವಿಳಾಸಕ್ಕೆ ಬರೆಯುವುದೂ ತಪ್ಪೇ ಅಲ್ಲವೇ ಎಂಬ ಕೊರೆತ ಒಂದು ವಾರ ಅವಳನ್ನು ಬಿಡಲಿಲ್ಲ. ಕೊನೆಗೆ ಬರೆಯುವಂತೆ ಮಾಡಿದ್ದು ಒಂದು ಹಳೆಯ ಬೆಳಗು. ಆಗ ಅವಳು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಅರ್ನೆಸ್ಟೀನರ ಮಗ ನೌಕಾಪಡೆಯಲ್ಲಿದ್ದ, ಕೊಲ್ಲಿಯಲ್ಲಿ ಯುದ್ಧ ನಡೆಯುತ್ತಿತ್ತು. ಅವನ ಕಾಗದ ಬಂದ ದಿನವೇ ಅವರ ಕನ್ನಡಕ ಒಡೆದಿತ್ತು. ವರ್ಲೀನ್ ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಅವರ ಪಕ್ಕ ಕೂತು ಓದಿದಳು. ಹಡಗಿನ ಊಟ, ಸೆಖೆ, ಕೊನೆಯಲ್ಲಿ ತಾನು ಮದುವೆಯಾಗಿರುವ ಸುದ್ದಿ. ಆ ಸಾಲನ್ನು ಅವರು ಮೂರು ಸಲ ಓದಿಸಿದರು. ನಕ್ಕರು, ಅತ್ತರು, ಒಳಗೆ ಹೋಗಿ ಬಟ್ಟಲ ತುಂಬ ಪೀಚ್ ಹಣ್ಣಿನ ಕಾಬ್ಲರ್ ಸಿಹಿ ತಂದುಕೊಟ್ಟರು. ಹನ್ನೊಂದು ನಿಮಿಷ ತಡವಾಯಿತೆಂದು ಮೇಲಿನವರಿಂದ ಬೈಗುಳ ತಿಂದರೂ ವರ್ಲೀನಳಿಗೆ ಟಪಾಲಿನ ಕೆಲಸ ತನ್ನದು ಅನ್ನಿಸಿದ್ದು ಆ ದಿನ.

ಕಾಗದದಲ್ಲಿ ಅವಳು ಬೆಲೆ ಬರೆಯಲಿಲ್ಲ, ರೇಫೋರ್ಡನ ಹೆಸರನ್ನೂ ಬರೆಯಲಿಲ್ಲ. ಮನೆ ಕೊಳ್ಳಲು ಒಬ್ಬರಿದ್ದಾರೆ, ನಿಮ್ಮ ವಿಳಾಸ ಯಾರಿಗೂ ಕೊಟ್ಟಿಲ್ಲ, ಇಷ್ಟವಿಲ್ಲದಿದ್ದರೆ ಇದನ್ನು ಹರಿದು ಹಾಕಿ ಎಂದು ಬರೆದು ತನ್ನ ನಂಬರ್ ಹಾಕಿದಳು. ಒಂಬತ್ತನೇ ದಿನ, ಅವಳು ಸೊಪ್ಪು ಹೆಚ್ಚುತ್ತಿರುವಾಗ ಫೋನ್ ಬಂತು.

"ಯಾರು, ನಮ್ಮ ಟಪಾಲಮ್ಮನಾ?" ಎಂದಿತು ಆ ಕಡೆಯ ದನಿ. ಆಮೇಲೆ, "ಆ ಮನೆ ಇನ್ನೂ ಇದ್ಯಾ ಮಗಳೆ?"

ಪಕ್ಕದ ಎರಡು ಮನೆ ಕೆಡವಿದಾಗ ನಿಮ್ಮದೂ ಹೋಯಿತು ಎಂದು ಯಾರೋ ಅವರಿಗೆ ಹೇಳಿದ್ದರು. ಖಾಲಿ ಜಾಗ ನೋಡಲು ಮನಸ್ಸು ಒಪ್ಪದೆ ಅವರು ಎಂಟು ವರ್ಷ ಊರ ಕಡೆ ತಿರುಗಿಯೂ ನೋಡಿರಲಿಲ್ಲ. ಇದೆ ಎಂದು ಹೇಳಿದ ವರ್ಲೀನ್ ಮಿಕ್ಕದ್ದನ್ನೂ ಹೇಳಲೇಬೇಕಾಯಿತು. ಹಿಂದಿನ ಗೋಡೆ ಇಲ್ಲ. ಹಳೇ ಇಟ್ಟಿಗೆ ಕದ್ದು ಮಾರುವವರು ಲಾರಿಗೆ ಹಗ್ಗ ಕಟ್ಟಿ ಎಳೆದು ಕೆಡವಿ ಹೊತ್ತುಕೊಂಡು ಹೋಗಿದ್ದರು.

"ಗೋಡೇನಾ?" ಎಂದರು ಅರ್ನೆಸ್ಟೀನ್. "ನಮ್ಮ ಯಜಮಾನ್ರು ಇದ್ದಿದ್ರೆ ಅಂತಿದ್ರು, ನೋಡೇ, ಕದಿಯೋ ಅಷ್ಟು ಚೆನ್ನಾಗಿತ್ತು ನಮ್ಮನೆ ಅಂತ."

ಮೇ ತಿಂಗಳಲ್ಲಿ ಅಕ್ಕತಂಗಿಯರಿಬ್ಬರೂ ಕಾರಿನಲ್ಲಿ ಬಂದರು. ಎಂಬತ್ತನಾಲ್ಕರ ಅರ್ನೆಸ್ಟೀನ್ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಲೆ ಇದ್ದ ಜಾಗದಲ್ಲಿ ಬೆಳೆದಿದ್ದ ಹುಲ್ಲನ್ನೂ ಅದರಾಚೆಯ ಆಕಾಶವನ್ನೂ ನೋಡಿದರು. ಅಳಲಿಲ್ಲ. ಹೊರಗೆ ರೇಫೋರ್ಡ್ ಸೂಟು ಹಾಕಿಕೊಂಡು ಕರಾರು ಹಿಡಿದು ನಿಂತಿದ್ದ. ಮಾರುವವರೂ ಕೊಳ್ಳುವವನೂ ಎದುರುಬದುರಾಗುವುದು ಅವನ ವ್ಯಾಪಾರಕ್ಕೆ ಒಗ್ಗುವುದಲ್ಲ. ಆದರೆ ಕೊಳ್ಳುವವನನ್ನು ಕಾಣದೆ ಸಹಿ ಹಾಕುವುದಿಲ್ಲ ಎಂದು ಅರ್ನೆಸ್ಟೀನ್ ಮೊದಲೇ ಹೇಳಿಬಿಟ್ಟಿದ್ದರು. ಅವರು ಟೆರೆನ್ಸ್‌ನನ್ನು ಕೇಳಿದ್ದು ಒಂದೇ ಪ್ರಶ್ನೆ, ಕಟ್ಟುತ್ತೀಯೋ ಕೆಡವುತ್ತೀಯೋ ಎಂದು. ಕಟ್ಟಿ, ಹೆಂಡತಿ ಮಕ್ಕಳೊಂದಿಗೆ ಇಲ್ಲೇ ಇರುತ್ತೇನೆ ಎಂದ ಅವನು. ಆಗ ಅವರು ವರ್ಲೀನಳ ಕಡೆ ತಿರುಗಿದರು.

"ನೀನೇನಂತೀಯ ಟಪಾಲಮ್ಮ?"

ಮಾರಾಟವಾದರೆ ರೇಫೋರ್ಡನಿಂದ ವರ್ಲೀನಳಿಗೂ ಪಾಲು ಬರುವುದಿತ್ತು. ಆದರೂ ಹೇಳಿದಳು.

"ಡೀಕನ್ ಮಧ್ಯದಲ್ಲಿದ್ದಾರೆ ಅಮ್ಮ. ನಿಮಗೊಂದು ಬೆಲೆ ಹೇಳ್ತಾರೆ, ಟೆರೆನ್ಸ್‌ಗೆ ಇನ್ನೊಂದು ಹೇಳ್ತಾರೆ. ಎರಡೂ ಕೇಳ್ಕೊಂಡು ಆಮೇಲೆ ಸಹಿ ಹಾಕಿ."

ರೇಫೋರ್ಡನ ಮುಖ ಬಿಗಿಯಿತು. ಆದರೂ ಚರ್ಚಿನವನು, ಇಬ್ಬರು ಮುದುಕಿಯರ ಎದುರು ಸುಳ್ಳಾಡಲಾರದೆ ಎರಡೂ ಬೆಲೆ ಹೇಳಿದ. ಓಡಾಡಿದ್ದೀಯಪ್ಪ, ನಡುವಿನ ಲಾಭದಲ್ಲಿ ಅರ್ಧ ಇಟ್ಟುಕೋ, ಮಿಕ್ಕರ್ಧ ನನ್ನ ಮನೆಯದು ಎಂದರು ಅರ್ನೆಸ್ಟೀನ್. ಅವನು ಟೈ ಸಡಿಲಿಸಿಕೊಂಡು ಕರಾರಿನಲ್ಲಿ ಅಂಕಿ ತಿದ್ದಿದ. ಕಾರಿನ ಬಾನೆಟ್ಟಿನ ಮೇಲೆ ಸಹಿ ಬಿತ್ತು.

ಮೂರು ಭಾನುವಾರ ಅವನು ವರ್ಲೀನಳ ಜೊತೆ ಮಾತಾಡಲಿಲ್ಲ. ನಾಲ್ಕನೆಯ ವಾರ ಇನ್ನೊಂದು ಬೀದಿಯ ಹೆಸರು ಹೇಳಿಕೊಂಡು ತಾನೇ ಬಂದ. ಚಳಿಗಾಲ ಶುರುವಾಗುವ ಮೊದಲೇ ಟೆರೆನ್ಸ್ ಗೋಡೆ ಏರಿಸಿದ. ವರ್ಲೀನ್ ಇನ್ನೂ ಎರಡು ವರ್ಷ ಕಾಗದ ಬರೆದಳು, ಆಮೇಲೆ ಕಣ್ಣಿನ ಪೊರೆಯ ನೆಪದಲ್ಲಿ ಬಿಟ್ಟಳು.

ಈಗ ಯಾರಾದರೂ ಆ ಮನೆಯ ಮಾತು ತೆಗೆದರೆ ಅವಳು ಹೇಳುವುದು ಗೋಡೆಯ ವಿಷಯವಲ್ಲ, ಸಹಿ ಆದ ಮೇಲಿನ ಒಂದು ಗಂಟೆಯ ವಿಷಯ. ಬೀದಿ ನೋಡಬೇಕೆಂದು ಅರ್ನೆಸ್ಟೀನ್ ಅವಳ ತೋಳು ಹಿಡಿದುಕೊಂಡು ಹೊರಟಿದ್ದರು. ಇಪ್ಪತ್ತು ಮನೆಯ ಸಾಲಿನಲ್ಲಿ ಏಳು ಉಳಿದಿದ್ದವು. ಉಳಿದ ಕಡೆ ಮನೆ ಹೋಗಿ ಕಲ್ಲಿನ ಮೆಟ್ಟಿಲುಗಳಷ್ಟೇ ಹುಲ್ಲಿನೊಳಗೆ ನಿಂತಿದ್ದವು. ಒಂದೊಂದು ಮೆಟ್ಟಿಲಿನ ಮುಂದೆಯೂ ಅರ್ನೆಸ್ಟೀನ್ ನಿಂತು ಹೆಸರು ಹೇಳುವರು. ಮನೆಯೇ ಹೋದ ಮೇಲೆ ಗುಟ್ಟೇನು ಎಂದು, ಆ ಮನೆಯವರಿಗೆ ಏನೇನು ಟಪಾಲು ಬರುತ್ತಿತ್ತೆಂದು ವರ್ಲೀನ್ ಹೇಳುವಳು. ಟೇಟ್ ಅವರಿಗೆ ಮೂರನೇ ತಾರೀಕಿನ ಪಿಂಚಣಿ. ಪೆಟಿಫೋರ್ಡ್ ಹುಡುಗಿಯರಿಗೆ ಒಬ್ಬನೇ ಹುಡುಗನಿಂದ ಎರಡು ಕಾಗದ. ಮಿಸ್ ಒಲೀವಿಯಾಗೆ ಬೀಜದ ಕ್ಯಾಟಲಾಗು, ವರ್ಷವಿಡೀ. ಬೀದಿಯ ತುದಿ ಮುಟ್ಟಿದಾಗ ಬಿಸಿಲು ಏರಿತ್ತು. ಲವೇಡಾ ಕಾರನ್ನು ಹಿಂದೆಯೇ ತಂದು ಹಾರನ್ ಮಾಡಿದರು.

"ಎದುರುಗಡೆ ಸಾಲು ನೋಡೋದು ಇನ್ನೂ ಇದೆ ಕಣೇ," ಎಂದರು ಅರ್ನೆಸ್ಟೀನ್.

ಲವೇಡಾ ಎಂಜಿನ್ ಆರಿಸಿದರು. ಅರ್ನೆಸ್ಟೀನ್, ವರ್ಲೀನ್ ಇಬ್ಬರೂ ರಸ್ತೆ ದಾಟಿದರು.