ಅಡುಗೆಮನೆ ಬಾಗಿಲಿನಿಂದ ಸ್ಕೇಟಿಂಗ್

ಕಳೆದ ಶನಿವಾರ ಬೆಳಿಗ್ಗೆ ನಾನು ಐಸ್ ಹಾಕಿ ಮ್ಯಾಚೊಂದಕ್ಕೆ ಕಾಮೆಂಟರಿ ಹೇಳಿದೆ. ಹೊಸ ತಿಪ್ಪಸಂದ್ರದ ನಮ್ಮ ಮನೆಯ ಹಾಲ್‌ನಲ್ಲಿ. ಕೇಳುಗರು ಒಬ್ಬರೇ, ನಮ್ಮ ಮಾವನವರು. ಅವರ ಬಲಗಣ್ಣಿಗೆ ಹತ್ತಿ ಇಟ್ಟು ಪಟ್ಟಿ ಹಾಕಿತ್ತು.

ನಗಬೇಡಿ. ಹಾಕಿಯ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ಕೋಲಿರುತ್ತದೆ, ಗೋಲಿರುತ್ತದೆ. ಐಸ್ ಹಾಕಿಯಾದರೆ ಮಧ್ಯೆ ಮಧ್ಯೆ ಹೊಡೆದಾಟವೂ ಇರುತ್ತದೆ. ಇಷ್ಟು ಪಾಂಡಿತ್ಯ ಇಟ್ಟುಕೊಂಡು ಕಾಮೆಂಟರಿಗೆ ಯಾಕೆ ಇಳಿದೆ ಎಂದು ಕೇಳುತ್ತೀರಾ? ಹೇಳುತ್ತೇನೆ, ಸ್ವಲ್ಪ ತಾಳಿ.

ನಮ್ಮ ಮಾವನವರು ತಿಪ್ಪಸಂದ್ರ ಇನ್ನೂ ರಾಗಿ ಹೊಲವಾಗಿದ್ದಾಗ ಹುಟ್ಟಿದವರು. ಹೊಲ ಹೋಗಿ ವಿಮಾನದ ಕಾರ್ಖಾನೆ ಬಂತು, ಇವರು ಕಾರ್ಖಾನೆ ಸೇರಿದರು. ಅಲ್ಲಿನ ಹಾಕಿ ಟೀಮಿಗೆ ಬಹಳ ವರ್ಷ ಗೋಲ್‌ಕೀಪರ್ ಆಗಿದ್ದರು. ಮೊಣಕಾಲ ಕೆಳಗೆ ಹಳೆಯ ಪೆಟ್ಟಿನ ಗುರುತುಗಳು ಈಗಲೂ ಇವೆ. (ನೆಂಟರ ಮಕ್ಕಳು ಬಂದರೆ ಪಂಚೆ ಎತ್ತಿ ತೋರಿಸುತ್ತಾರೆ, ಒಂದೊಂದಕ್ಕೂ ಒಂದೊಂದು ಕಥೆ.) ರಿಟೈರ್ ಆದರು, ನಮ್ಮ ಅತ್ತೆ ತೀರಿಕೊಂಡರು, ಮನೆಗೆ ಕೇಬಲ್ ಬಂತು. ಆಮೇಲಿಂದ ಟೀವಿ ರಿಮೋಟು ಅವರ ಎಡಗೈ ಬಿಟ್ಟು ಇಳಿದಿಲ್ಲ.

ಅವರಿಗೆ ಬೇಕಾದದ್ದು ಹಾಕಿ. ಕೇಬಲ್ಲಿನವರು ತೋರಿಸುವುದು ಕ್ರಿಕೆಟ್. ಹುಡುಕುತ್ತಾ ಹುಡುಕುತ್ತಾ ಒಂದು ಬೆಳಿಗ್ಗೆ ಸಿಕ್ಕಿದ್ದು ಅಮೆರಿಕದ ಐಸ್ ಹಾಕಿ. ಅವರ ರಾತ್ರಿ ಅಂದರೆ ನಮ್ಮ ಬೆಳಗಿನ ತಿಂಡಿ ಹೊತ್ತು. ಮೊದಲ ದಿನ ಚೆನ್ನಾಗಿ ಬೈದರು.

"ಇದೇನ್ ಹಾಕಿನೋ, ಮಾರ್ಕೆಟ್ ಜಗಳಾನೋ? ಚೆಂಡಿಲ್ಲ, ಒಂದು ಕರೀ ಬಿಲ್ಲೆ. ಅದೂ ಕಾಣಲ್ಲ."

ಬೈಯುತ್ತಲೇ ಪೂರ್ತಿ ನೋಡಿದರು. ಮಾರನೆಯ ದಿನವೂ ನೋಡಿದರು. ಕೆಂಪು ಜೆರ್ಸಿ ಟೀಮಿನ ಗೋಲ್‌ಕೀಪರ್ ಒಬ್ಬ ಅವರ ಮನಸ್ಸಿಗೆ ಹಿಡಿಸಿಬಿಟ್ಟ. ಮುಖಕ್ಕೆ ಮುಖವಾಡ, ಮೈತುಂಬ ದಿಂಬು ಕಟ್ಟಿಕೊಂಡಂತೆ ನಿಂತ ಆ ಮನುಷ್ಯನ ಮುಖವನ್ನೇ ಇವರು ನೋಡಿರಲಿಲ್ಲ. ಆದರೂ ಅವನು ಸೋತ ದಿನ ಇವರಿಗೆ ತಿಂಡಿ ಸೇರುತ್ತಿರಲಿಲ್ಲ.

ನನ್ನ ಹುಚ್ಚು ಶುರುವಾದದ್ದೂ ಇವರಿಂದಲೇ. ಒಂದು ದಿನ ಹಾಕಿಯ ಮಧ್ಯೆ ಜಾಹೀರಾತು ಬಂತೆಂದು ಮಾವನವರು ಪಕ್ಕದ ಚಾನೆಲ್ಲಿಗೆ ಹೋದರು. ಅಲ್ಲಿ ನೀಲಿ ಬಟ್ಟೆಯ ಹುಡುಗಿಯೊಬ್ಬಳು ಮಂಜುಗಡ್ಡೆಯ ಮೇಲೆ ಜಾರುತ್ತಾ ಬಂದಳು, ನೆಗೆದಳು, ಗಾಳಿಯಲ್ಲೇ ಮೂರು ಸುತ್ತು ಸುತ್ತಿ ಒಂದೇ ಕಾಲ ಮೇಲೆ ಇಳಿದಳು. ಒಲೆಯ ಮೇಲೆ ನನ್ನ ಒಗ್ಗರಣೆ ಸೀದುಹೋಯಿತು.

ಅವಳ ಹೆಸರು ಹೇಳಲು ನನ್ನ ನಾಲಿಗೆ ಹೊರಳುವುದಿಲ್ಲ. ನನ್ನ ಪಾಲಿಗೆ ಅವಳು ನಮ್ಮ ಹುಡುಗಿ, ಅಷ್ಟೆ. ಅವಳು ಗೆದ್ದರೆ ಆ ದಿನ ಮನೆಯಲ್ಲಿ ಪಾಯಸ (ಯಾಕೆಂದು ಯಾರಿಗೂ ಹೇಳುವುದಿಲ್ಲ). ಅವಳು ಬಿದ್ದರೆ ಆಫೀಸಿನಲ್ಲಿ ಎದುರಿಗೆ ಬಂದವರ ಗ್ರಹಚಾರ. ಫ್ರಿಜ್ಜಿನ ಟ್ರೇ ಬಿಟ್ಟರೆ ಬೇರೆಲ್ಲೂ ಐಸ್ ನೋಡಿಲ್ಲದ ಹೆಂಗಸಿಗೆ ಇದು ಬೇಕಿತ್ತಾ? ಬೇಕಿತ್ತು ಕಣ್ರೀ. ಬೆಳಿಗ್ಗೆ ಎಂಟು ಗಂಟೆಗೆ ಡಬ್ಬಿ, ಯೂನಿಫಾರ್ಮು, ಬಸ್ಸು ಅಂತ ಓಡುವವಳಿಗೆ ನಾಲ್ಕು ನಿಮಿಷ ಒಬ್ಬಳು ಅಷ್ಟು ಹಗುರವಾಗಿ ಹಾರುವುದನ್ನು ನೋಡಲು ಸಿಕ್ಕರೆ ಬಿಡುತ್ತಾಳೆಯೇ?

ಆದರೆ ಒಂದು ವಿಷಯ. ಇಷ್ಟು ವರ್ಷ ನಾನು ಅವಳನ್ನು ನೋಡಿದ್ದು ನಿಂತುಕೊಂಡೇ. ಅಡುಗೆಮನೆ ಬಾಗಿಲಲ್ಲಿ, ಕೈಯಲ್ಲಿ ಸೌಟು ಹಿಡಿದು.

ಮದುವೆಯಲ್ಲಿ ನಮ್ಮಮ್ಮ ಕಿವಿಯಲ್ಲಿ ಹೇಳಿದ್ದರು, ಮಾವನವರ ಎದುರು ಕುರ್ಚಿಯಲ್ಲಿ ಕೂತ್ಕೋಬಾರದು ಅಂತ. ಕೂರಲಿಲ್ಲ. ಆಮೇಲೆ ಅದು ಮೈಗೆ ಹತ್ತಿಬಿಟ್ಟಿತು. ಆಫೀಸಿನಲ್ಲಿ ಮ್ಯಾನೇಜರ್ ಎದುರು ಕಾಲ ಮೇಲೆ ಕಾಲು ಹಾಕಿ ವಾದ ಮಾಡುವವಳು ನಾನು. ಈ ಅಂಕಣದಲ್ಲಿ ನಿಮಗೆಲ್ಲ ವಾರವಾರ ಉಪದೇಶ ಮಾಡುವವಳೂ ನಾನೇ. ಮನೆಗೆ ಬಂದು ಮಾವನವರ ಹೆಜ್ಜೆ ಸಪ್ಪಳ ಕೇಳಿದರೆ ಸೋಫಾದಿಂದ ತಾನಾಗಿ ಎದ್ದುಬಿಡುತ್ತಿದ್ದೆ. ನನ್ನ ಯಜಮಾನರು ಎಷ್ಟೋ ಸಲ ರೇಗಿದ್ದಾರೆ. "ನಮ್ಮಪ್ಪ ಯಾವತ್ತಾದ್ರೂ ಏನಾದ್ರೂ ಅಂದಿದ್ದಾರೇನೇ? ಕೂತ್ಕೊಂಡ್ ನೋಡು." ನಿಜ, ಅವರು ಏನೂ ಅಂದಿಲ್ಲ. ಕೂತ್ಕೋ ಎಂದೂ ಅಂದಿಲ್ಲವಲ್ಲ?

ಅವರು ಮಾಡುತ್ತಿದ್ದದ್ದು ಇನ್ನೊಂದು. ಸ್ಕೇಟಿಂಗ್ ಇರುವ ದಿನ ಹಾಕಿಯ ಮಧ್ಯೆ ಆ ಚಾನೆಲ್ಲನ್ನೂ ಆಗಾಗ ಇಣುಕಿ ನೋಡುತ್ತಿದ್ದರು. ನಮ್ಮ ಹುಡುಗಿಯ ಸರದಿ ಬಂದಾಗ ಹಾಲ್‌ನಿಂದ ಒಂದು ದನಿ. "ಅಮ್ಮಣ್ಣೀ, ಬಂದ್ಳು ನೋಡು." ಅಷ್ಟೇ. ನಾನು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಅವಳು ಮುಗಿಸಿ ತಲೆ ಬಗ್ಗಿಸಿದ ಮೇಲೆ ಅವರು ಹಾಕಿಗೆ ಮರಳುತ್ತಿದ್ದರು, ನಾನು ಒಲೆಗೆ ಮರಳುತ್ತಿದ್ದೆ. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ.

ಈಗ ಶನಿವಾರಕ್ಕೆ ಬರೋಣ. ನಮ್ಮ ಹುಡುಗಿ ಈ ಸ್ಪರ್ಧೆಯೇ ಕೊನೆ, ಆಮೇಲೆ ಆಡುವುದಿಲ್ಲ ಎಂದು ಹೇಳಿದ್ದಳು. ಅವಳ ಕೊನೆಯ ಆಟ ಶನಿವಾರ ಬೆಳಿಗ್ಗೆ. ಮಾವನವರ ಕೆಂಪು ಟೀಮಿನ ಗೆದ್ದರೆ ಉಳಿದರು, ಸೋತರೆ ಮನೆಗೆ ಎನ್ನುವ ಮ್ಯಾಚೂ ಶನಿವಾರ ಬೆಳಿಗ್ಗೆ. ಅದೇ ವಾರ ಹಲಸೂರು ಕಡೆಯ ಆಸ್ಪತ್ರೆಯಲ್ಲಿ ಅವರ ಬಲಗಣ್ಣಿನ ಪೊರೆ ತೆಗೆದಿದ್ದರು. ಎಡಗಣ್ಣಿನಲ್ಲೂ ಪೊರೆ, ಅದರಲ್ಲಿ ಎದುರಿನವರು ಮಸುಕು ಮಸುಕಾಗಿ ಕಾಣುತ್ತಿದ್ದರು. ಪಟ್ಟಿ ಬಿಚ್ಚುವ ತನಕ ಟೀವಿ ನೋಡಕೂಡದು, ಬಗ್ಗಕೂಡದು, ಕೆಮ್ಮಕೂಡದು ಎಂದು ಡಾಕ್ಟರ ಅಪ್ಪಣೆ. ನೋಡಿಕೊಳ್ಳಲು ನಾನು ಆಫೀಸಿಗೆ ರಜೆ ಹಾಕಿದ್ದೆ.

ಯಜಮಾನರು ಕೆಲಸಕ್ಕೆ, ಮಗಳು ಸ್ಕೂಲಿಗೆ ಹೋದ ಮೇಲೆ ಮಾವನವರು ಟೀವಿಗೆ ಬೆನ್ನು ಹಾಕಿ ಕೂತರು. ಡಾಕ್ಟರ ಮಾತು ಅಂದರೆ ಮಾತು.

"ಅಮ್ಮಣ್ಣಿ, ಟೀವಿ ಹಾಕು. ನಾನ್ ನೋಡಲ್ಲ. ನೀನು ನೋಡ್ಕೊಂಡು ಹೇಳು."

"ಇಂಗ್ಲಿಷಿನೋರು ಹೇಳ್ತಾರಲ್ಲ ಮಾವ?"

"ಅವರು ಓಡ್ಕೊಂಡ್ ಹೇಳ್ತಾರೆ. ನಂಗರ್ಥ ಆಗಲ್ಲ. ನೀನ್ ಹೇಳು."

ಹೀಗೆ ಕಾಮೆಂಟರಿ ಶುರುವಾಯಿತು. ಎಂದಿನ ಜಾಗದಿಂದಲೇ.

"ಈಗ ಏನಾಯ್ತು?"

"ಒಬ್ಬ ಇನ್ನೊಬ್ಬನ್ನ ಗೋಡೆಗೆ ಒತ್ತಿಬಿಟ್ಟ ಮಾವ."

"ಯಾರು ಯಾರನ್ನ?"

"ಬಿಳೀ ಜೆರ್ಸಿ ಕೆಂಪು ಜೆರ್ಸೀನ."

"ಬಿಲ್ಲೆ ಎಲ್ಲಿದೆ?"

"ಕಾಣಿಸ್ತಿಲ್ಲ."

"ಆಪರೇಷನ್ ಆಗಿರೋದು ನಂಗೆ ಕಣಮ್ಮ, ನಿಂಗಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ಕೈಯಲ್ಲಿ ಪಟ್ಟಿ ಒತ್ತಿಹಿಡಿದುಕೊಂಡು. ಆಮೇಲೆ ಕಿವಿ ಈ ಕಡೆ ತಿರುಗಿಸಿ ಕೇಳಿದರು.

"ಎಲ್ಲಿಂದ ಮಾತಾಡ್ತಿದ್ದೀಯ? ಅಡುಗೆಮನೆ ಬಾಗ್ಲಿಂದ್ಲೇನು?"

"ಹೂಂ ಮಾವ."

"ಇಲ್ಲಿ ಬಂದು ಕೂತ್ಕೋ. ಸರಿಯಾಗಿ ಕೇಳ್ಸಲ್ಲ."

ನಾನು ಬಾಗಿಲು ಬಿಟ್ಟು ಕದಲಲಿಲ್ಲ. ಅವರಿಗೆ ಅರ್ಥವಾಯಿತೋ ಏನೋ.

"ನಂಗೀಗ ಏನ್ ಕಾಣುತ್ತೆ? ಕೂತ್ಕೋ ಬಾ."

ಹೋಗಿ ಸೋಫಾದ ತುದಿಯಲ್ಲಿ ಕೂತೆ. ಸೌಟು ಇನ್ನೂ ಕೈಯಲ್ಲೇ ಇತ್ತು. ಎದ್ದೇಳುವ ಆತುರವಿಲ್ಲದೆ ಕೂತರೆ ನಮ್ಮ ಹಾಲ್ ಎಷ್ಟು ಬೇರೆಯಾಗಿ ಕಾಣುತ್ತದೆ ಎಂದು ಅವತ್ತೇ ಗೊತ್ತಾದದ್ದು. ಫ್ಯಾನಿನ ಗಾಳಿ ನೇರ ಅಲ್ಲಿಗೇ ಬರುತ್ತದೆ. ಟೀವಿಯ ಮೇಲೆ ಬೀಳುವ ಕಿಟಕಿಯ ಬಿಸಿಲು ಅಲ್ಲಿ ಕೂತವರಿಗೆ ಕಣ್ಣು ಕುಕ್ಕುವುದಿಲ್ಲ.

ಮ್ಯಾಚು ಸಮಸಮ. ಅವರ ಗೋಲ್‌ಕೀಪರ್ ಅಂತೂ ಆ ದಿನ ಮೈಯೆಲ್ಲ ಕೈಯಾಗಿ ಆಡುತ್ತಿದ್ದ. ನಾನು "ಹಿಡಿದ", "ಒದ್ದ", "ಮೇಲೇ ಬಿದ್ಬಿಟ್ಟ" ಎಂದೆಲ್ಲ ಹೇಳಿದಂತೆ ಮಾವನವರ ಮೊಣಕಾಲು ಕೂತಲ್ಲೇ ಅತ್ತಿತ್ತ ಸರಿಯುತ್ತಿತ್ತು. ಆಟ ಮುಗಿದರೂ ಸಮ, ಎಕ್ಸ್ಟ್ರಾ ಟೈಮ್. ಇನ್ನು ಮೊದಲು ಗೋಲ್ ಹಾಕಿದವರು ಗೆದ್ದಂತೆ.

ನಾನು ಗಡಿಯಾರ ನೋಡಿದೆ. ಆ ಕಡೆ ಚಾನೆಲ್ಲಿನಲ್ಲಿ ನಮ್ಮ ಹುಡುಗಿ ಇರುವ ಕೊನೆಯ ಗುಂಪು ಇಳಿದಿರಬೇಕು. ಕೇಳಲೇ? ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತ ಹಿರಿಯರ ಮುಂದೆ, ಅವರ ಮ್ಯಾಚಿನ ಅತೀ ಮುಖ್ಯವಾದ ಗಳಿಗೆಯಲ್ಲಿ, ನನ್ನ ಹುಡುಗಿಯನ್ನು ಹಾಕಲೇ ಎಂದು ಹೇಗೆ ಕೇಳುವುದು? ಕೇಳಲಿಲ್ಲ. "ಬಿಳಿಯೋರು ಬಂದ್ರು ಮಾವ" ಎಂದೆ. ನನ್ನ ದನಿ ನನಗೇ ಸಪ್ಪೆ ಕೇಳಿಸಿತು.

"ಅಮ್ಮಣ್ಣಿ, ಟೈಮೆಷ್ಟು?"

ಹೇಳಿದೆ.

"ಹಂಗಾದ್ರೆ ಅವಳು ಬರೋ ಹೊತ್ತಾಯ್ತಲ್ಲ. ಚಾನೆಲ್ ಬದಲಾಯ್ಸು."

"ಮಾವ, ಎಕ್ಸ್ಟ್ರಾ ಟೈಮ್ ನಡೀತಿದೆ. ಯಾವಾಗ ಬೇಕಾದ್ರೂ ಗೋಲ್ ಆಗ್ಬಹುದು."

"ಆಗ್ಲಿ. ಆ ಗೋಲ್‌ಕೀಪರ್ ಮುಂದಿನ ವರ್ಷಾನೂ ಆಡ್ತಾನೆ. ನಿನ್ನ ಹುಡುಗಿ ಇವತ್ತೊಂದಿನ ತಾನೇ? ಹಾಕು."

ರಿಮೋಟು ನನ್ನ ಕೈಗಿಟ್ಟರು. ಅವರು ಅದನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಚಾನೆಲ್ ಬದಲಾಯಿಸಿದೆ. ನಮ್ಮ ಹುಡುಗಿ ಮಂಜುಗಡ್ಡೆಯ ನಡುವೆ ನಿಂತಿದ್ದಳು. ಸಂಗೀತ ಇನ್ನೂ ಶುರುವಾಗಿರಲಿಲ್ಲ.

"ಹೇಳು" ಎಂದರು ಮಾವನವರು. "ನಂಗೂ ಹೇಳು."

"ಇವತ್ತು ಬಿಳೀ ಬಟ್ಟೆ ಹಾಕ್ಕೊಂಡಿದ್ದಾಳೆ ಮಾವ. ಕೈ ಮೇಲೆತ್ತಿದ್ಳು. ಹಿಂದಕ್ಕೆ ಹಿಂದಕ್ಕೆ ಜಾರ್ಕೊಂಡ್ ಹೋಗ್ತಿದ್ದಾಳೆ. ನೆಗೆದ್ಳು. ಒಂದ್, ಎರಡ್, ಮೂರ್ ಸುತ್ತು. ಇಳಿದ್ಳು."

"ಭೇಷ್."

"ಇನ್ನೊಂದು. ಈಗ ಜೋಡಿ ನೆಗೆತ, ಒಂದರ ಹಿಂದೇನೇ ಒಂದು. ನೆಗೆದ್ಳು..."

ಬಿದ್ದಳು. ಸೊಂಟದ ಮೇಲೆ ಧೊಪ್ಪೆಂದು ಬಿದ್ದು, ಹಾಗೇ ಜಾರಿಕೊಂಡು ಅಂಚಿನವರೆಗೂ ಹೋದಳು. ಕೊನೆಯ ದಿನ ಕಣ್ರೀ. ಅಷ್ಟು ವರ್ಷ ಆಡಿದವಳು ಕೊನೆಯ ದಿನವೇ ಹೀಗೆ ಬೀಳಬೇಕೇ?

ಹಾಲ್‌ನಲ್ಲಿ ಸಂಗೀತ ಮಾತ್ರ ಕೇಳಿಸುತ್ತಿತ್ತು. ಮಾವನವರು ಮೆಲ್ಲಗೆ ಕೇಳಿದರು.

"ಬಿದ್ಳಾ?"

"ಹೂಂ."

"ಎದ್ಳಾ?"

ನಾನು ಕಣ್ಣು ಒರೆಸಿಕೊಂಡೆ.

"ಎದ್ಳಾ ಇಲ್ವಾ ಹೇಳಮ್ಮ. ನಂಗ್ ಕಾಣಲ್ಲ."

"ಎದ್ಳು ಮಾವ."

"ಹಂಗಾದ್ರೆ ಮುಂದಕ್ಕೆ ಹೇಳು. ನೀನ್ಯಾಕೆ ನಿಲ್ಲಿಸ್ದೆ?"

ಹೇಳಿದೆ. ಅಳುತ್ತಲೇ ಹೇಳಿದೆ. ಒಂದು ಕಾಲು ಬೆನ್ನ ಹಿಂದಿನಿಂದ ತಲೆಯವರೆಗೂ ಎಳೆದುಕೊಂಡು ಬುಗುರಿಯ ಹಾಗೆ ತಿರುಗಿದ್ದನ್ನು ಹೇಳಿದೆ. ಬಿಟ್ಟುಹೋದ ಜೋಡಿ ನೆಗೆತವನ್ನು ಕೊನೆಯಲ್ಲಿ ಮತ್ತೆ ಮಾಡಿದಳು, ಅದನ್ನು ಹೇಳುವಾಗ ಸೌಟು ಎತ್ತಿಕೊಂಡು ಎದ್ದೇ ನಿಂತಿದ್ದೆ. ಜನ ಎದ್ದು ಚಪ್ಪಾಳೆ ತಟ್ಟಿದರು, ಹೂವು ಎಸೆದರು. ಅವಳು ಬಾಗಿ ಕೈಯಿಂದ ಮಂಜುಗಡ್ಡೆ ಮುಟ್ಟಿದಳು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ನೋಡಿದ್ದನ್ನೆಲ್ಲ ನಾನು ಅವತ್ತು ಮೊದಲ ಸಲ ಒಬ್ಬರಿಗೆ ಬಾಯಿಬಿಟ್ಟು ಹೇಳಿದ್ದೆ. ಎಷ್ಟು ಸುಖ ಅಂತೀರಿ.

ಮಾರ್ಕ್ಸ್ ಬಂತು. ಐದನೆಯ ಸ್ಥಾನ.

"ಒಂದ್ಸಲ ಬಿದ್ದಿದ್ದಕ್ಕೆ ಐದಕ್ಕೆ ಇಳಿಸಿದ್ರಾ?" ಮಾವನವರಿಗೆ ಸಿಟ್ಟೇ ಬಂತು. "ಎಂಥಾ ಆಟ ಇದು. ನಮ್ಮಾಟದಲ್ಲಿ ಗೋಲ್‌ಕೀಪರ್ ಬೀಳ್ಲಿಲ್ಲ ಅಂದ್ರೆ ಬೈತಿದ್ರು."

ಹಾಕಿಗೆ ಮರಳಿದಾಗ ಎಲ್ಲ ಮುಗಿದಿತ್ತು. ಬಿಳಿ ಜೆರ್ಸಿಯವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಕೆಂಪು ಟೀಮಿನ ಗೋಲ್‌ಕೀಪರ್ ಮುಖವಾಡ ಹಣೆಯ ಮೇಲಕ್ಕೆ ಸರಿಸಿ, ಕೋಲಿಗೆ ಒರಗಿ ನಿಂತಿದ್ದ. ಗೋಲ್ ಹೇಗಾಯಿತು ಎಂದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

"ಸೋತ್ರು ಮಾವ."

"ಹೋಗ್ಲಿ ಬಿಡು." ಆಮೇಲೆ ಕೇಳಿದರು, "ಮುಖ ಕಾಣ್ತಾ? ಎಂಥೋನು ನೋಡೋಕೆ?"

"ಪಾಪ, ಚಿಕ್ಕ ಹುಡುಗ. ಮೀಸೇನೂ ಸರಿಯಾಗಿ ಬಂದಿಲ್ಲ."

"ಅಷ್ಟು ಚಿಕ್ಕೋನಾ" ಎಂದು ತಮ್ಮ ಮೊಣಕಾಲು ಸವರಿಕೊಂಡರು. ಮಾವನವರ ಮೇಲೆ ನನಗೆ ಅವತ್ತು ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ತಮ್ಮ ಮ್ಯಾಚು ಬಿಟ್ಟುಕೊಟ್ಟು, ಕಾಣದ ಆಟವನ್ನು ನನ್ನ ಬಾಯಿಂದ ಕೇಳಿಸಿಕೊಂಡವರು ಅವರು. ನಾನು ಇಷ್ಟು ವರ್ಷ ಅವರಿಗೆ ಕೊಟ್ಟ ಮರ್ಯಾದೆ ಅಂದರೆ ಏನು? ದೂರ ನಿಂತಿದ್ದು. ಅವರಿಗೂ ಹೆಂಡತಿ ಹೋದ ಮೇಲೆ ಆ ಹಾಲ್‌ನಲ್ಲಿ ಪಕ್ಕಕ್ಕೆ ಒಬ್ಬರು ಬೇಕೆನಿಸಿರಲಿಲ್ಲವೇ?

ಆಮೇಲಿನ ದಿನಗಳಲ್ಲಿ ನಾನು ಧಾರಾಳವಾಗಿ ಕೂತೆ. ಪೇಪರ್ ಓದಿ ಹೇಳಿದೆ, ಹುರುಳಿಕಾಯಿ ಅಲ್ಲೇ ಕೂತು ಬಿಡಿಸಿದೆ, ಮೊಣಕಾಲಿನ ಕಥೆಗಳನ್ನು ನೆಂಟರ ಮಕ್ಕಳಿಗಿಂತ ಹೆಚ್ಚು ಕೇಳಿದೆ. ಬುಧವಾರ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಕೊಟ್ಟರು. ಬರುವಾಗ ಆಟೋದಲ್ಲಿ ಅಂಗಡಿ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಾ ಬಂದರು.

ನಿನ್ನೆ ಬೆಳಿಗ್ಗೆ ನಾನು ಸೋಫಾದಲ್ಲಿ ಪೇಪರ್ ಹಿಡಿದು ಕೂತಿದ್ದೆ. ಮಾವನವರು ರೂಮಿನಿಂದ ಬಂದರು. ಕಪ್ಪು ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿದರು. ಎಷ್ಟೋ ದಿನದ ಮೇಲೆ ಸರಿಯಾಗಿ ನೋಡಿದ್ದು. ನನಗೆ ಗೊತ್ತಿಲ್ಲದೇ ನಾನು ಎದ್ದು ನಿಂತಿದ್ದೆ.

ಅವರು ಅಲ್ಲೇ ನಿಂತರು. ಮುಖ ಚಿಕ್ಕದಾಯಿತು.

"ಯಾಕಮ್ಮಣ್ಣಿ, ನಂಗೆ ಕಣ್ಣು ಬಂದಿದ್ದೇ ತಪ್ಪಾಯ್ತಾ?"