ಮಗ್ಗಕ್ಕೆ ಕಟ್ಟಿದ ಕ್ಯಾಮೆರಾ

ತಮ್ಮ ತೀರಿಕೊಂಡು ಮೂರು ತಿಂಗಳಾದ ಮೇಲೆ ಅವನ ಗೆಳೆಯ ಲ್ಯಾಪ್‌ಟಾಪ್ ಹಿಡಿದುಕೊಂಡು ಬೆಟಗೇರಿಯ ನಮ್ಮ ಮನೆಗೆ ಬಂದ. ಇಬ್ಬರೂ ಕೂಡಿ ಸಣ್ಣ ಸಾಕ್ಷ್ಯಚಿತ್ರ ಮಾಡುತ್ತಿದ್ದರು. ತಮ್ಮ ಚಿತ್ರೀಕರಿಸಿ ತಾನೇ ಮಾತನಾಡುವವನು, ಗೆಳೆಯ ಅದನ್ನು ಕತ್ತರಿಸಿ ಜೋಡಿಸುವವನು. ಕೈಮಗ್ಗದ ಮೇಲಿನ ಚಿತ್ರ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸಲು ಅವನಿಗೆ ನನ್ನ ಒಪ್ಪಿಗೆ ಬೇಕಿತ್ತು.

ತಮ್ಮ ಯಾರ ಬಗ್ಗೆ ಚಿತ್ರ ಮಾಡುತ್ತಾನೋ ಅವರ ಕೆಲಸವನ್ನು ಮೊದಲು ತಾನು ಮಾಡುತ್ತಿದ್ದ. ಲಕ್ಷ್ಮೇಶ್ವರದ ಪೇಟೆಯಲ್ಲಿ ಕ್ಯಾಮೆರಾ ಎದೆಗೆ ಕಟ್ಟಿಕೊಂಡು ಹಮಾಲರ ಜೊತೆ ಜೋಳದ ಚೀಲ ಹೊತ್ತಿದ್ದ. ಆ ಚಿತ್ರದಲ್ಲಿ ಕಾಣುವುದು ಮುಂದೆ ನಡೆಯುವವನ ಹಿಮ್ಮಡಿ, ಕೇಳುವುದು ಇವನ ಏದುಸಿರು. ಮಾಗಡಿ ಕೆರೆಗೆ ಹೋದಾಗಲೂ ಹಕ್ಕಿ ನೋಡಲು ಬಂದವರ ಜೊತೆ ನಿಲ್ಲಲಿಲ್ಲ. ಆ ಹಕ್ಕಿಗಳು ಇಳಿಯುವ ಹೊಲ ಕಾಯುವವನ ಜೊತೆ ಡಬ್ಬಿ ಬಾರಿಸುತ್ತಾ ಎಂಟು ದಿನ ಕಳೆದ. ಚೀಲ ಹೊತ್ತ ದಿನ ನೋಯುವ ಕುತ್ತಿಗೆ ಹಿಡಿದುಕೊಂಡು ಬಂದರೆ ಅವ್ವ ಎಣ್ಣೆ ತಿಕ್ಕುತ್ತಾ ಬೈಯುತ್ತಿದ್ದಳು.

“ಸುದ್ದಿ ಮಾಡಾಂವ ಚೀಲ ಯಾಕ ಹೊರಬೇಕಲೇ?”

“ಸುಮ್ನ ನಿಂತ್ರ ಸಾಹೇಬ್ರ ಅಂತಾರಬೇ. ಚೀಲ ಹೊತ್ರ ಬೈತಾರ. ಬೈಯೂ ಮುಂದ ಮನುಷ್ಯಾ ಖರೆ ಮಾತಾಡ್ತಾನ.”

ನಾನು ಹತ್ತನೇ ತರಗತಿ ಓದಿದವಳು, ಮನೆಯಲ್ಲಿ ರವಿಕೆ ಹೊಲಿಯುತ್ತೇನೆ. ಅವನ ಚಿತ್ರಗಳನ್ನು ಆಗ ಪೂರ್ತಿ ನೋಡಿದ್ದು ಕಡಿಮೆ. ಈಗ ಗೆಳೆಯ ತೋರಿಸಿದ್ದನ್ನು ಕಣ್ಣು ಮಿಟುಕಿಸದೆ ನೋಡಿದೆ, ಎಲ್ಲಾದರೂ ಅವನ ಮುಖ ಕಂಡೀತು ಎಂದು. ಕಾಣಲಿಲ್ಲ. ಮೂರು ಓಣಿ ಆಚೆ ವಯಸ್ಸಾದ ಕಾಕಿಯೊಬ್ಬಳು ಇನ್ನೂ ಕುಣಿಮಗ್ಗದಲ್ಲಿ, ಅಂದರೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿಹಲಗೆ ತುಳಿಯುತ್ತಾ, ಸೀರೆ ನೇಯುತ್ತಾಳೆ. ಅವಳ ಹತ್ತಿರ ತಮ್ಮ ಹನ್ನೊಂದು ದಿನ ಕಲಿತಿದ್ದ. ಕ್ಯಾಮೆರಾವನ್ನು ಮಗ್ಗದ ಮೇಲಿನ ಅಡ್ಡಕ್ಕೇ ಕಟ್ಟಿದ್ದರಿಂದ ಬಟ್ಟೆ, ಎಳೆ, ಕೈಗಳು ಬಿಟ್ಟರೆ ಬೇರೇನಿಲ್ಲ. ಚಿತ್ರ ಒಂದೇ ಸಮ ಅಲುಗಾಡುತ್ತಿತ್ತು.

ಅರ್ಧದವರೆಗೆ ತಮ್ಮನ ಮಾತಿತ್ತು. ಉಳಿದದ್ದನ್ನು ಅವನು ವಹಿಯಲ್ಲಿ ಬರೆದಿಟ್ಟಿದ್ದ. ಗೆಳೆಯ ತಲೆ ತಗ್ಗಿಸಿಕೊಂಡೇ ಹೇಳಿದ.

“ಅಕ್ಕಾರ, ದನಿ ಅಗದೀ ಅವನಂಗ ಇರಾಂವ ಒಬ್ಬ ಅದಾನ. ವಹಿಯಾಗಿಂದು ಅವನ ಕಡಿಂದ ಓದಸೂಣು. ನೋಡಾವ್ರಿಗೆ ಗೊತ್ತಾಗಂಗಿಲ್ಲ.”

ವಹಿಯ ಸಾಲು ಸಾಲೂ ‘ನಾನು’ ಎಂದು ಶುರುವಾಗುತ್ತಿತ್ತು. ನಾನು ಇವತ್ತು ಲಾಳಿ ಬೀಳಿಸಿದೆ. ನಾನು ಎಡಗಾಲು ಮೊದಲು ತುಳಿದು ಬೈಸಿಕೊಂಡೆ. ನನ್ನ ತಮ್ಮನ ‘ನಾನು’ವನ್ನು ಗುರುತಿಲ್ಲದವನೊಬ್ಬ ಹೇಳುವುದು ನನಗೆ ಸೇರಲಿಲ್ಲ. ಬೇಡವೆಂದರೆ ತಮ್ಮ ಕೊನೆಯದಾಗಿ ಮಾಡಿದ ಕೆಲಸ ಯಾರಿಗೂ ಕಾಣದೆ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ಒಂದು ವಾರ ಕೊಡು ಎಂದು ಕೇಳಿದೆ.

ಮಾರನೆಯ ದಿನ ಕಾಕಿಯ ಮನೆಗೆ ಹೋದೆ. ಅವನು ಇಲ್ಲಿ ದಿನವಿಡೀ ಏನು ಮಾಡುತ್ತಿದ್ದ ಎಂದು ಕೇಳಿದ್ದಕ್ಕೆ ಅವಳು ಬಾಯಿಂದ ಹೇಳಲಿಲ್ಲ, ಸೆರಗು ಸಿಕ್ಕಿಸಿಕೊಂಡು ಮೇಲೆ ಬಂದು ನನ್ನನ್ನು ಕುಣಿಗೆ ಇಳಿಸಿದಳು. ನಾವು ನೇಕಾರರೇ. ಆದರೆ ನಾನು ಹುಟ್ಟುವ ಮೊದಲೇ ಅಪ್ಪ ಮಗ್ಗ ಬಿಟ್ಟು ಅಂಗಡಿ ಕೆಲಸಕ್ಕೆ ಸೇರಿದ್ದ, ಹಾಗಾಗಿ ಕುಣಿಯ ತಂಪು ನನ್ನ ಕಾಲಿಗೆ ಹೊಸದು. ಮೊದಲ ದಿನ ನಾಲ್ಕು ಎಳೆ ಕಡಿದೆ.

“ನಿನ್ನ ತಮ್ಮಗ ಲಾಳಿ ಬೀಳಸೂದು ಬಿಡಾಕ ಮೂರು ದಿನ ಬೇಕಾತು,” ಎಂದಳು ಕಾಕಿ. “ನಿನಗ ವಾರ ಸಾಲಂಗಿಲ್ಲ ತಗೋ.”

ಹೊಲಿಗೆ ಬದಿಗಿಟ್ಟು ದಿನಾ ಹೋದೆ. ಲಾಳಿಯಿಂದ ಪ್ರತಿ ಎಳೆ ಹಾಯಿಸಿದ ಮೇಲೆ ಮುಂದಿನ ಹಲಗೆಯನ್ನು ಎದೆಯ ಕಡೆ ಎಳೆದು ಬಡಿಯಬೇಕು. ಬಡಿದಾಗಲೊಮ್ಮೆ ಇಡೀ ಮಗ್ಗ ನಡುಗುತ್ತದೆ. ನಾಲ್ಕನೆಯ ದಿನ ಮನೆಗೆ ಬಂದು, ಗೆಳೆಯ ಬಿಟ್ಟುಹೋಗಿದ್ದ ಲ್ಯಾಪ್‌ಟಾಪಿನಲ್ಲಿ ಅದೇ ಚಿತ್ರ ಮತ್ತೆ ಹಾಕಿದೆ. ಆಗ ತಿಳಿಯಿತು, ಆ ಅಲುಗಾಟ ಕ್ಯಾಮೆರಾದ ದೋಷವಲ್ಲ. ಒಂದೊಂದು ನಡುಕವೂ ಒಂದೊಂದು ಏಟು. ಕಾಕಿ ಕೂತಾಗ ನಡುಕ ಸಮವಾಗಿ ಬರುತ್ತದೆ. ತಮ್ಮ ಕೂತಾಗ ಎರಡು ಜೋರು, ಒಂದು ಮೆತ್ತಗೆ. ಮಧ್ಯಾಹ್ನ ಊಟವಾದ ಮೇಲೆ ಮೂರೂ ಮೆತ್ತಗೆ. ಒಂದು ಕಡೆ ಬಹಳ ಹೊತ್ತು ನಡುಕವೇ ಇಲ್ಲ. ಅಲ್ಲಿ ಏನಾಗಿತ್ತೆಂದು ಕಾಕಿಯನ್ನು ಕೇಳಿದರೆ, ಕಡಿದ ಎಳೆಯ ತುದಿ ಸಿಗದೆ ಮಗ್ಗದ ಹಿಂದೆ ಹುಡುಕುತ್ತಿದ್ದನಂತೆ. ಮುಖ ಹುಡುಕಿದ್ದ ನನಗೆ ಅವನ ತೋಳು ಸಿಕ್ಕಿತ್ತು. ಎರಡು ರಾತ್ರಿ ಬೇರೇನೂ ಬೇಡವಾಗಿ ಅದನ್ನೇ ನೋಡಿದೆ.

ಆಮೇಲೆ ದನಿಯ ವಿಷಯ ಕಾಕಿಗೆ ಹೇಳಿದೆ. ಅವಳು ಲಾಳಿ ಕೆಳಗಿಟ್ಟಳು.

“ನಮ್ಮನಿಯವ್ರು ಹೋದಾಗ ಅರ್ಧಾ ಸೀರಿ ಮಗ್ಗದ ಮ್ಯಾಲ ಇತ್ತು. ಕೊಯ್ದು ತಗಿ ಅಂದ್ರು ಮಂದಿ. ನಾ ಕೂತು ನೇಯ್ದೆ. ಅವರಂಗ ಬಡಿಯಾಕ ಹೋದೆ, ತೋಳು ಸೋತ್ವು, ಸೀರಿನೂ ಕೆಟ್ಟೀತು ಅನಿಸ್ತು. ನನ್ನ ಏಟನ ಹಾಕಿದೆ. ಸಾವುಕಾರ ಬಟ್ಟಿ ಮ್ಯಾಲ ಕೈ ಆಡಿಸಿ, ಇಲ್ಲಿ ಕೈ ಬದಲಾಗೇತಲ್ಲ ಅಂದ. ಹೌದ್ರಿ ಬದಲಾಗೇತಿ ಅಂದೆ.”

“ಆ ಸೀರಿ ಏನಾತು ಕಾಕಿ?”

“ಯಾರೋ ಉಟ್ಟಿರಬೇಕು,” ಎಂದು ಮತ್ತೆ ಲಾಳಿ ಎತ್ತಿಕೊಂಡಳು.

ವಾರ ತುಂಬಿದಾಗ ಗೆಳೆಯನಿಗೆ ಹೇಳಿದೆ: ತಮ್ಮನ ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ನಾನು ಮಾತನಾಡುತ್ತೇನೆ, ಆದರೆ ಅವನಾಗಿ ಅಲ್ಲ. ನಡುಕವನ್ನೂ ಸರಿಪಡಿಸಬೇಡ. ಅವನಿಗೆ ಹಿಡಿಸಲಿಲ್ಲ.

“ಚಿತ್ರ ನಡುವ ಮುರದಂಗ ಆಕ್ಕೈತ್ರೀ ಅಕ್ಕಾರ.”

“ಮುರದದ್ದು ಖರೆ ಐತಲ್ಲಪಾ.”

ಅವನು ಮೈಕಿನ ವೈರಿನ ಸುರುಳಿ ಬಿಚ್ಚಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಹಿಂದಿನ ಓಣಿಯ ಪವರ್‌ಲೂಮ್ ಸದ್ದು ಒಳಗೆ ಬಾರದಂತೆ ಕಿಟಕಿಗೆ ಕೌದಿ ಕಟ್ಟಿದೆವು. “ಇಲ್ಲಿಗೆ ನನ್ನ ತಮ್ಮನ ಮಾತು ಮುಗಿಯಿತು. ಇನ್ನು ಮಾತಾಡುವವಳು ಅವನ ಅಕ್ಕ. ನಾನು ಈ ಮಗ್ಗದಲ್ಲಿ ಏಳು ದಿನ ಕೂತಿದ್ದೇನೆ,” ಎಂದೆ. ದನಿ ಮೊದಲ ಸಲ ಒಡೆಯಿತು, ಎರಡನೆಯ ಸಲ ಸರಿಹೋಯಿತು. ವಹಿ ಓದುವಾಗ ‘ತಮ್ಮ ಬರೆದಿದ್ದಾನೆ’ ಎಂದು ಸೇರಿಸಿಕೊಂಡೇ ಓದಿದೆ.

ವಹಿ ಮುಗಿದರೂ ನನಗೆ ಹೇಳುವುದು ಉಳಿದಿತ್ತು. ತಮ್ಮ ಕ್ಯಾಮೆರಾವನ್ನು ಮೇಲೆ ಕಟ್ಟಿದ್ದರಿಂದ ಅವನ ಹನ್ನೊಂದು ದಿನದಲ್ಲಿ ಕುಣಿಯ ಒಳಗೆ ಏನಿದೆ ಎನ್ನುವುದೇ ಇರಲಿಲ್ಲ. ಗೆಳೆಯನಿಂದ ಕ್ಯಾಮೆರಾ ಇಸಿದುಕೊಂಡು ಕಾಕಿಯ ಮನೆಗೆ ಹೋಗಿ, ನೆಲದ ಮೇಲೆ ಬೋರಲು ಮಲಗಿ ಕೈಯನ್ನು ಕುಣಿಯೊಳಗೆ ಚಾಚಿದೆ. ಕಾಕಿಗೆ ನಾಚಿಕೆಯಾಯಿತು. ಕಾಲಿನ ಚಿತ್ರ ಬೇಡ, ನೇಯ್ದ ಸೀರೆಯ ಸೆರಗಿನ ಚಿತ್ರ ತೆಗೆ ಎಂದು ಎರಡು ಸಲ ಹೇಳಿದಳು. ಆಮೇಲೆ ಮರೆತು ತುಳಿಯತೊಡಗಿದಳು. ಪರದೆಯ ಮೇಲೆ ಅವಳ ಎರಡು ಪಾದ ಕತ್ತಲೆಯಲ್ಲಿ ಒಂದಾದ ಮೇಲೊಂದು ಏಳುತ್ತಾ ಇಳಿಯುತ್ತಾ ಇದ್ದವು. ಬಲಗಾಲಿನ ಹೆಬ್ಬೆರಳು ಮಾತ್ರ ಪ್ರತಿ ಸಲ ಒಂದಿಷ್ಟು ಮೊದಲೇ ಎದ್ದು ಕಾಯುತ್ತಿತ್ತು. ಅದು ಯಾಕೆಂದು ಕೇಳಿದೆ. “ಇಳದು ತುಳದು ನೋಡು,” ಎಂದು ಕಾಕಿ ಕುಣಿಯಿಂದ ಎದ್ದು ನನಗೆ ಜಾಗ ಬಿಟ್ಟಳು.