ಫಾರಿನ್ ಎನಿಸಿಕೊಂಡ ಗಾಜು

ಜೂನ್ ಮೊದಲ ವಾರದ ಒಂದು ಸಂಜೆ ವಿಜಯಪುರದಲ್ಲಿ ಮುಂಬೈ ರೈಲು ಹತ್ತಿದೆ. ಸ್ಲೀಪರ್ ಬೋಗಿ, ಕೆಳಗಿನ ಸೀಟು. ಹಿರಿಯರಿಗೆ ಮೊದಲು ಕೊಡುತ್ತಿದ್ದ ರಿಯಾಯಿತಿ ಈಗಿಲ್ಲ, ಪೂರ್ತಿ ದರ ಕೊಟ್ಟೇ ಹೊರಟೆ. ಕೈಚೀಲದಲ್ಲಿ ಎರಡು ಜೊತೆ ಬಟ್ಟೆ, ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಇದ್ದವು. ರೊಟ್ಟಿ ನನಗಲ್ಲ, ಬೈಕುಲ್ಲಾದ ದಸ್ತಗೀರನಿಗೆ. ಅವನು ನಮ್ಮ ಜಿಲ್ಲೆಯವನೇ, ಲೆನ್ಸ್ ಉಜ್ಜಿ ಪಾಲಿಶ್ ಮಾಡುವ ಕಸುಬಿನವನು. ಅವನಿಗೆ ನಾನು ಮಾಡಿದ ಅನ್ಯಾಯವನ್ನು ಅವನ ಎದುರಿಗೇ ಹೇಳಬೇಕೆಂದು ಹೊರಟಿದ್ದೆ. ಆ ಮಾತು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನನ್ನೊಳಗೇ ಉಳಿದಿತ್ತು.

ನನ್ನನ್ನು ಹೊರಡಿಸಿದ್ದು ನನ್ನ ಕಣ್ಣು. ಪೊರೆ ತೆಗೆಸಿದ ಮೇಲೆ ಕೆಲವು ಕಾಲ ಚೆನ್ನಾಗಿದ್ದು ಮತ್ತೆ ಮಬ್ಬಾಗಿತ್ತು. ಊರಿನ ಡಾಕ್ಟರು ನನ್ನ ಗದ್ದವನ್ನು ಒಂದು ಯಂತ್ರದ ಮೇಲೆ ಇಡಿಸಿ, ಟಕ್ ಟಕ್ ಎಂದು ಲೇಸರ್ ಹೊಡೆದರು. ನೋವಾಗಲಿಲ್ಲ. "ಇದರ ಹೊಟ್ಟ್ಯಾಗ ಒಂದು ನೇರಳೆ ಹರಳು ಐತಿ ಅಜ್ಜಾರ, ಬೆಳಕು ಕೊಡೋದು ಅದ," ಎಂದರು. "ಗೊತ್ತೈತ್ರಿ," ಎಂದೆ. ಅವರು ನಕ್ಕರು. ಮನೆಗೆ ಬಂದು ಹೆಂಡತಿ ಗೌರವ್ವನ ಮುಖ ನೋಡಿದೆ, ಹಣೆಯ ಸುಕ್ಕು ಕೂಡ ಸ್ಪಷ್ಟವಾಗಿ ಕಂಡಿತು. ಮದುವೆಯಾದ ವರ್ಷ ಅವಳು ಮುಂಬೈಗೆ ಬಂದಿಳಿದ ದಿನ ನೆನಪಾಯಿತು. ತಪ್ಪು ನಡೆದದ್ದು ಅಂದೇ.

ಟಿಕೆಟ್ ತೆಗೆಸಿದ ಮೇಲೆ ಅವಳಿಗೆ ಎಲ್ಲ ಹೇಳಿದೆ. "ನನ್ನ ಸಲುವಾಗಿ ಆದ ತಪ್ಪು ನನಗ ಹೇಳಲಾರದ ಇಷ್ಟು ವರ್ಷ ಸಂಸಾರ ಮಾಡಿದ್ರಿ?" ಎಂದಳು. ಆಮೇಲೆ ಎದ್ದು ಹೋಗಿ ರೊಟ್ಟಿ ಬಡಿಯಲು ಕುಳಿತಳು.

ಆ ದಿನದ ಸಂಗತಿ ಇಷ್ಟು. ನಾನು ಮೆಟ್ರಿಕ್ ಓದಿದವನು. ವಿಕ್ರೋಳಿಯಲ್ಲಿ ಒಂದು ಸಣ್ಣ ಖಾಸಗಿ ಪ್ರಯೋಗಶಾಲೆಯಲ್ಲಿ ಗಾಜು ಕರಗಿಸುವ ಭಟ್ಟಿ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಅಲ್ಲಿ ಕಾರ್ಕಳದ ವಾರಿಜಾ ಮೇಡಂ ಲೇಸರಿಗೆ ಬೇಕಾದ ಹೊಸ ಗಾಜು ಮಾಡಲು ಹೆಣಗುತ್ತಿದ್ದರು. ಕಿಟಕಿ ಗಾಜು, ಬಾಟಲಿ ಗಾಜಿನಂಥದ್ದಲ್ಲ. ಅದಕ್ಕೆ ಬೀಳುವ ಒಂದು ಅಪರೂಪದ ಪುಡಿಯಿಂದ ತೆಳು ನೇರಳೆ ಬಣ್ಣ ಬರುತ್ತಿತ್ತು. ಅದನ್ನು ಬೆರಳಿನಷ್ಟು ಉದ್ದದ ರಾಡ್ ಮಾಡಿ ಪಕ್ಕದಲ್ಲಿ ಪ್ರಖರವಾದ ದೀಪ ಮಿಂಚಿಸಿದರೆ, ಒಳಗಿನ ಬೆಳಕು ಒಂದೇ ಗೆರೆಯಾಗಿ ತುದಿಯಿಂದ ಹೊರಬರಬೇಕು. ಇದಕ್ಕೆ ವೈರಿ ಎಂದರೆ ತೇವ. ಗಾಜಿನೊಳಗೆ ಕಣ್ಣಿಗೆ ಕಾಣದಷ್ಟು ತೇವ ಉಳಿದರೂ ಅದು ಬೆಳಕನ್ನು ನುಂಗಿಬಿಡುತ್ತದೆ. ಮುಂಬೈಯಲ್ಲಿ ತೇವ ಇಲ್ಲದ ಜಾಗ ಎಲ್ಲಿದೆ? ಹಾಗಾಗಿ ಕರಗಿದ ಗಾಜಿನೊಳಗೆ ನಳಿಗೆ ಇಳಿಸಿ ಒಣ ಗ್ಯಾಸ್ ಬಿಟ್ಟು ಗುಳ್ಳೆ ಎಬ್ಬಿಸುತ್ತಿದ್ದೆವು. ಎರಡು ಗಂಟೆ ಸಾಕು, ಹೆಚ್ಚಾದರೆ ಪ್ಲಾಟಿನಮ್ ಪಾತ್ರೆಯೇ ಕರಗಿ ಗಾಜಿನಲ್ಲಿ ಚುಕ್ಕಿ ಬೀಳುತ್ತದೆ ಎಂಬುದು ಮೇಡಂ ಲೆಕ್ಕ.

ಅಂದು ಮಧ್ಯಾಹ್ನ ಗ್ಯಾಸ್ ಬಿಟ್ಟು, ಗೌರವ್ವನನ್ನು ಕರೆತರಲು ದಾದರಿಗೆ ಓಡಿದೆ. ರೈಲು ತಡವಾಯಿತು. ಊರು ಬಿಟ್ಟು ಹೊರಗೆ ಹೋಗದ ಹುಡುಗಿ ಒಬ್ಬಳೇ ಇಳಿದರೆ ಗತಿಯೇನು ಎಂದು ಪ್ಲಾಟ್‌ಫಾರ್ಮಿನಲ್ಲೇ ನಿಂತೆ. ಅವಳನ್ನು ನನ್ನ ಬಾಡಿಗೆ ಖೋಲಿಗೆ ಬಿಟ್ಟು ವಿಕ್ರೋಳಿ ಮುಟ್ಟಿದಾಗ ದೀಪ ಹಚ್ಚಿದ್ದರು. ಪಾತ್ರೆಯಲ್ಲಿ ಗುಳ್ಳೆ ಇನ್ನೂ ಏಳುತ್ತಿತ್ತು. ಗಾಬರಿಯಿಂದ ಗ್ಯಾಸ್ ನಿಲ್ಲಿಸಿ, ಗಾಜನ್ನು ಅಚ್ಚಿಗೆ ಸುರಿದು, ನಿಧಾನವಾಗಿ ಆರಿಸುವ ಭಟ್ಟಿಗೆ ಸೇರಿಸಿದೆ. ಮರುದಿನ ಮೇಡಂ ಕೇಳಿದರು, "ಹೇಳಿದಷ್ಟೇ ಹೊತ್ತು ಅಲ್ವಾ?" ನಾನು "ಹೌದ್ರಿ" ಎಂದೆ.

ಆ ಗಾಜನ್ನು ದಸ್ತಗೀರ ಬೈಕುಲ್ಲಾದಲ್ಲಿ ಕೊರೆದು, ಪಾಲಿಶ್ ಮಾಡಿ ರಾಡ್ ಮಾಡಿಕೊಟ್ಟ. ಅದು ಕೊಟ್ಟಂಥ ಬೆಳಕನ್ನು ನಾವು ಯಾರೂ ನೋಡಿರಲಿಲ್ಲ. ಪೇಢೆ ಹಂಚಿದರು. ಆಮೇಲೆ ಹೇಳಿದ ರೀತಿಯಲ್ಲೇ, ಹೇಳಿದಷ್ಟೇ ಹೊತ್ತು ಇಟ್ಟು ಮತ್ತೆ ಮತ್ತೆ ಮಾಡಿದೆವು. ಅಂಥದು ಒಂದೂ ಬರಲಿಲ್ಲ. ಆ ದಿನ ಗ್ಯಾಸ್ ಹೆಚ್ಚು ಹೊತ್ತು ಬಿಟ್ಟಿದ್ದರ ಮಾತು ನಾನು ಎತ್ತಲಿಲ್ಲ. ಇಷ್ಟು ಒಳ್ಳೆಯದು ನಮ್ಮ ಭಟ್ಟಿಯದಾಗಿರಲು ಸಾಧ್ಯವಿಲ್ಲ, ಅದು ಫಾರಿನ್ ಗಾಜೇ ಇರಬೇಕು ಎಂದು ಆಫೀಸಿನಲ್ಲಿ ಮಾತೆದ್ದಿತು. ಫಾರಿನ್ ರಾಡುಗಳು ಪಾಲಿಶಿಗೆ ದಸ್ತಗೀರನ ಹತ್ತಿರವೂ ಬರುತ್ತಿದ್ದವು. ಅವನೇ ಅದಲುಬದಲು ಮಾಡಿದ್ದಾನೆ ಎಂದರು. ಮೇಡಂ ಮೊದಲು ಜಗಳವಾಡಿದರು, ಕೊನೆಗೆ ಅವರೂ ಸುಮ್ಮನಾದರು. ದಸ್ತಗೀರನಿಗೆ ಕೆಲಸ ಕೊಡುವುದು ನಿಂತಿತು. ವರ್ಷದೊಳಗೆ ಗಾಜಿನ ಕೆಲಸವನ್ನೂ ನಿಲ್ಲಿಸಿದರು. ನಾನು ಕಾಯಂ ಆದೆ.

ಬೆಳಿಗ್ಗೆ ದಾದರಿನಲ್ಲಿ ಇಳಿದೆ. ಮಳೆ ಬಂದಿರಲಿಲ್ಲ, ಅಂಗಿ ಮೈಗೆ ಅಂಟುತ್ತಿತ್ತು. ಐದು ರೂಪಾಯಿ ಟಿಕೆಟ್ ತೆಗೆದು ಲೋಕಲ್ ಹತ್ತಿ ಬೈಕುಲ್ಲಾಕ್ಕೆ ಬಂದೆ. ಸ್ಟೇಷನ್ ಹೊರಗಿನ ಹೋಟೆಲಿನಲ್ಲಿ ಬನ್ ಮಸ್ಕಾ, ಚಹಾ ತೆಗೆದುಕೊಂಡೆ. ಧೈರ್ಯ ಬರಲೆಂದು ಇನ್ನೊಂದು ಚಹಾ ಕುಡಿದೆ. ಧೈರ್ಯವೇನೂ ಬರಲಿಲ್ಲ.

ಮಾರ್ಕೆಟ್ ಹಿಂದಿನ ಓಣಿಯಲ್ಲಿ ಅದೇ ಒಂದು ಬಾಗಿಲಿನ ವರ್ಕ್‌ಶಾಪ್. ಮುಂದಿನ ಕೌಂಟರಿನಲ್ಲಿ ಅವನ ಮಗಳು ಶಾಹೀನ್ ಕುಳಿತಿದ್ದಳು. ನಾನು ನೋಡಿದಾಗ ಎರಡು ಜಡೆಯ ಶಾಲೆಯ ಹುಡುಗಿ, ಈಗ ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. "ಅಬ್ಬಾ, ಗಾಂವ್ ಸೇ ಕೋಯಿ ಆಯಾ," ಎಂದು ಊರಿನವರು ಬಂದದ್ದನ್ನು ಒಳಗೆ ಕೂಗಿ ಹೇಳಿ, "ಬರ್ರಿ ಅಂಕಲ್, ಬೈಠೋ," ಎಂದು ಸ್ಟೂಲ್ ಕೊಟ್ಟಳು.

ಒಳಗೆ ಚಕ್ರದ ಮುಂದೆ ಕುಳಿತಿದ್ದ ದಸ್ತಗೀರ ಕನ್ನಡಕ ಎತ್ತಿ ನೋಡಿದ. "ಏ ಚನ್ಯಾ! ಇನ್ನೂ ಸತ್ತಿಲ್ಲೇನಲೇ?"

"ನಿನ್ನ ನೋಡಿ ಸಾಯೋಣಂತ ಬಂದೆ."

"ಹಂಗಾದ್ರ ಹೊರಗ ಸಾಯಿ. ಒಳಗ ಜಾಗಾ ಇಲ್ಲ."

ರೊಟ್ಟಿ ಗಂಟು ಬಿಚ್ಚಿ ಮೂಸಿ ನೋಡಿ ಕಣ್ಣು ಮುಚ್ಚಿದ. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. ಅದನ್ನು ಅಗಿಯುತ್ತಿರುವಾಗಲೇ ನಾನು ಹೇಳತೊಡಗಿದೆ, ಇಲ್ಲದಿದ್ದರೆ ಎಂದೂ ಹೇಳುತ್ತಿರಲಿಲ್ಲ. ಗ್ಯಾಸ್ ಬಿಟ್ಟು ಹೋದದ್ದು, ರೈಲು ತಡವಾದದ್ದು, ಮೇಡಂಗೆ ಹೌದು ಎಂದದ್ದು. ಅವನ ದವಡೆ ನಿಂತಿತು. ಚಕ್ರದ ಸ್ವಿಚ್ ಆರಿಸಿದ.

"ಮೇಡಂ ನನ್ನ ಕರೆಸಿ, ರಾಡ್ ಎಲ್ಲಿಂದ ತಂದಿ ಅಂತ ಕೇಳಿದ ದಿನ ನೀ ಎಲ್ಲಿದ್ದಿ?"

"ಅಲ್ಲೇ. ಭಟ್ಟಿ ಹತ್ರ."

"ಸುಮ್ಮ ನಿಂತಿದ್ದಿ?"

"ಸುಮ್ಮ ನಿಂತಿದ್ದೆ."

ಅವನು ಬಾಯಲ್ಲಿದ್ದ ತುಂಡನ್ನು ನುಂಗಿದ. ಆಮೇಲೆ, "ನನಗ ಯಾಕ ಹೇಳಾಕ ಬಂದಿ? ನಾ ಬದಲಿ ಮಾಡಿಲ್ಲ ಅನ್ನೋದು ನನಗ ಅವತ್ತ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೋಗಿ ಹೇಳು," ಎಂದ. ನಾನು ಎದ್ದೆ. "ರೊಟ್ಟಿ ಬಿಟ್ಟು ಹೋಗು," ಎಂದ.

ರಾತ್ರಿ ವಿಕ್ರೋಳಿಯಲ್ಲಿ ಅಕ್ಕನ ಮಗನ ಮನೆಯಲ್ಲಿ ಉಳಿದೆ. ಊಟಕ್ಕೆ ಮೊದಲು ಪ್ರಯೋಗಶಾಲೆ ಇದ್ದ ಕಡೆ ನಡೆದುಹೋದೆ. ಆ ಶೆಡ್ ಯಾವಾಗಲೋ ಹೋಗಿದೆ. ಎತ್ತರದ ಬಿಲ್ಡಿಂಗ್, ಕೆಳಗೆ ಸಣ್ಣ ತೋಟ. ಭಟ್ಟಿ ಇದ್ದ ಜಾಗದಲ್ಲಿ ಮಕ್ಕಳು ಜಾರುಬಂಡೆ ಆಡುತ್ತಿದ್ದರು. ವಾಚ್‌ಮನ್ "ಕಿಸಕೋ ಮಿಲನಾ ಹೈ?" ಎಂದ. ಯಾರನ್ನೂ ಅಲ್ಲ ಎಂದು ಹೇಳಿ ತಿರುಗಿ ಬಂದೆ.

ಮರುದಿನ ಬೆಳಿಗ್ಗೆ ದಾದರಿನಲ್ಲಿ ರೈಲು ಬದಲಿಸಿ ಸಾಂತಾಕ್ರೂಜ್‌ಗೆ ಹೋದೆ. ಮೇಡಂ ಮನೆ ನನಗೆ ಹೊಸದಲ್ಲ. ಮುಂಬೈಯಲ್ಲಿ ಇದ್ದಷ್ಟು ವರ್ಷವೂ ದೀಪಾವಳಿಗೆ ಹೋಗಿ ಅವರ ಕೈಯಿಂದ ಸಿಹಿ ತಿಂದು ಬರುತ್ತಿದ್ದೆ. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಬಾಗಿಲು ತೆರೆದವರು ಮೇಡಂ ಅವರೇ. ತೀರ ಸಣ್ಣಗಾಗಿದ್ದಾರೆ, ಕೋಲು ಹಿಡಿದಿದ್ದಾರೆ, ದನಿ ಮಾತ್ರ ಹಾಗೇ ಇದೆ.

"ಎಂತ ಚನ್ನಪ್ಪ, ದೀಪಾವಳಿಗೆ ಇನ್ನೂ ತುಂಬ ದಿನ ಉಂಟಲ್ಲ?"

ಕಾಫಿ ಬರುವ ಮೊದಲೇ ಹೇಳಿಬಿಟ್ಟೆ. ಅವರು ಅಡ್ಡ ಮಾತಾಡದೆ ಕೇಳಿದರು. ಮುಗಿದ ಮೇಲೆ ಕೇಳಿದ್ದು ಬೇರೇನೋ.

"ಗ್ಯಾಸ್ ಎಷ್ಟು ಹೊತ್ತು ಬಿಟ್ಟದ್ದು?"

"ಮಧ್ಯಾಹ್ನದಿಂದ ದೀಪ ಹಚ್ಚೋತನಕ ರೀ."

"ಪಾತ್ರೆಯಲ್ಲಿ ಉಳಿದ ಗಾಜಿನಲ್ಲೂ ಪ್ಲಾಟಿನಮ್ ಚುಕ್ಕಿ ಬೀಳಲಿಲ್ವಾ?"

"ಒಂದೂ ಇರಲಿಲ್ರಿ."

ಅವರ ಮುಖ ಅರಳಿತು. ಹತ್ತನೇ ಕ್ಲಾಸಿನ ರಿಸಲ್ಟ್ ಕೇಳಿದ ಹುಡುಗಿಯ ಹಾಗೆ, "ಹಾಗಾದ್ರೆ ನನ್ನ ಗಾಜು ಸರಿಯೇ ಇತ್ತು ಮಾರಾಯ್ರೆ!" ಎಂದರು. "ಈಗ ಎಲ್ಲ ಕಡೆ ಹೀಗೆಯೇ ತುಂಬ ಹೊತ್ತು ಒಣಗಿಸ್ತಾರೆ. ಅದನ್ನು ಓದಿದಾಗ ನನಗೂ ಒಮ್ಮೆ ಸಂಶಯ ಬಂದಿತ್ತು. ಆದರೆ ಚನ್ನಪ್ಪ ಹೌದು ಅಂದಿದ್ದಾರಲ್ಲ ಅಂತ ಬಿಟ್ಟೆ."

ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಮೇಡಂ ಎದ್ದು ಹೋಗಿ ಕಪಾಟಿನಿಂದ ತೆಳು ಮಲ್ ಬಟ್ಟೆಯಲ್ಲಿ ಸುತ್ತಿದ ಅದೇ ರಾಡ್ ತಂದರು. ಕಿಟಕಿಯ ಬೆಳಕಿಗೆ ನೇರಳೆಯಾಗಿ ಹೊಳೆಯಿತು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತರು. ಸಂತೋಷ ನಿಧಾನವಾಗಿ ಇಳಿಯಿತು.

"ಇದನ್ನು ಒಡೆದು ಪರೀಕ್ಷೆ ಮಾಡಿದ್ರೆ ನಮ್ಮದೋ ಫಾರಿನ್ನೋ ಅಂತ ಆವಾಗಲೇ ಗೊತ್ತಾಗ್ತಿತ್ತು. ಆಫೀಸಿನವರು ಒಡೀರಿ ಅಂದ್ರು. ನಾನು ಕೊಡಲಿಲ್ಲ. ನಮ್ಮದು ಅಂತಾದ್ರೆ ಇದ್ದ ಒಂದೂ ಹೋಯ್ತು, ಫಾರಿನ್ ಅಂತಾದ್ರೆ ನನ್ನ ಮಾನ ಹೋಯ್ತು. ಎರಡೂ ಬೇಡ ಅಂತ ಆ ಮನುಷ್ಯನನ್ನು ಬಿಟ್ಟುಕೊಟ್ಟೆ." ಆಮೇಲೆ ತಟ್ಟನೆ ನನ್ನ ಕಡೆ ತಿರುಗಿದರು. "ನೀವು ಅಷ್ಟು ದೀಪಾವಳಿ ಇಲ್ಲಿ ಕೂತು ತಿಂದ್ರಲ್ಲ! ಒಮ್ಮೆಯಾದ್ರೂ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ವಾ?"

"ಪ್ರತಿ ಸಲಾನೂ ಸಿಕ್ಕೊಂಡೈತ್ರಿ ಮೇಡಂ. ನೀರು ಕುಡದು ನುಂಗೀನಿ."

ಅವರು ಕೋಲು ಊರಿ ಎದ್ದರು. "ಚಪ್ಪಲಿ ಹಾಕಿ. ಹೋಗುವ."

ಲೋಕಲ್ಲಿನ ಮೆಟ್ಟಿಲು ಅವರಿಗೆ ಆಗದು. ಟ್ಯಾಕ್ಸಿ ಹಿಡಿದೆವು. ಮಾಹಿಮ್ ಹತ್ತಿರ ಮೊದಲ ಮಳೆ ಶುರುವಾಯಿತು. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ, "ಮಾತಾಡಿಸ್ತಾರಾ?" ನನಗೆ ಗೊತ್ತಿಲ್ಲ ಎಂದೆ.

ಓಣಿಯೊಳಗೆ ಟ್ಯಾಕ್ಸಿ ಹೋಗುವುದಿಲ್ಲ. ನನ್ನ ಭುಜ ಹಿಡಿದು, ನೀರು ನಿಂತ ಹೊಂಡಗಳನ್ನು ದಾಟಿ ಬಂದರು. ದಸ್ತಗೀರ ಅವರನ್ನು ನೋಡಿ ಎದ್ದು ನಿಂತ. ಕೈತುಂಬ ಪಾಲಿಶಿನ ಬಿಳಿ ಕೆಸರು. ಮೇಡಂ ಕೋಲನ್ನು ಕೌಂಟರಿಗೆ ಒರಗಿಸಿ, ಬಟ್ಟೆ ಬಿಚ್ಚಿ, ರಾಡನ್ನು ಮುಂದೆ ಹಿಡಿದರು.

"ದಸ್ತಗೀರ್, ಇದು ನಮ್ಮದೇ ಗಾಜು. ನೀವು ಹೇಳಿದ್ದು ನಿಜ. ನಾನು ನಂಬಲಿಲ್ಲ, ನನ್ನದು ತಪ್ಪಾಯ್ತು."

ಅವನು ಕೈ ಒರೆಸಿಕೊಂಡು ರಾಡ್ ತೆಗೆದುಕೊಂಡ. ಎರಡೂ ತುದಿ ತಿರುಗಿಸಿ ನೋಡಿದ. "ಅಂಚು ಎಲ್ಲೂ ಒಡದಿಲ್ಲ. ಛಲೋ ಇಟ್ಟೀರಿ ಮೇಡಂ," ಎಂದ. ಆಮೇಲೆ ಮಗಳನ್ನು ತೋರಿಸಿ, "ಇಕೀ ಹತ್ತನೇತ್ತ ಆದ ಮ್ಯಾಲ ಸೈನ್ಸ್ ಓದ್ತೀನಿ ಅಂದ್ಳು. ನಾ ಬಿಡಲಿಲ್ಲ. ಅಲ್ಲಿ ಛಲೋ ಕೆಲಸ ಮಾಡಿದ್ರ ಕಳ್ಳ ಅಂತಾರ, ನನಗಾದದ್ದು ಇಕೀಗೆ ಬ್ಯಾಡ ಅನಿಸ್ತು," ಎಂದ.

ಶಾಹೀನ್ ಅಪ್ಪನನ್ನೇ ನೋಡಿದಳು. "ಅಬ್ಬಾ, ಮುಝೇ ತೋ ಬೋಲಾ ಥಾ ಕಾಲೇಜ್ ದೂರ ಹೈ!"

ಅವಳಿಗೆ ಅವನು ಹೇಳಿದ್ದು ಕಾಲೇಜು ದೂರ ಎಂದಷ್ಟೇ. ನನ್ನಿಂದ ಅನ್ಯಾಯವಾದದ್ದು ಇಬ್ಬರಿಗೆ ಎಂದು ಲೆಕ್ಕ ಹಿಡಿದಿದ್ದೆ. ಈ ಮೂರನೆಯವಳು ನನ್ನ ಲೆಕ್ಕದಲ್ಲೇ ಇರಲಿಲ್ಲ. ಅವಳಿಗೆ ಕೈಮುಗಿದೆ. "ತಪ್ಪು ನನ್ನದವ್ವಾ," ಎಂದೆ. ಅವಳು ಮುಖ ಆ ಕಡೆ ತಿರುಗಿಸಿದಳು.

ಮೇಡಂ ಸ್ಟೂಲ್ ಎಳೆದುಕೊಂಡು ಅವಳ ಪಕ್ಕ ಕುಳಿತರು. "ಇದನ್ನು ಬಾಗಿಲ ಹತ್ರ ಹಿಡಿ ಮಗಾ. ಎಂತ ಬಣ್ಣ?" ಎಂದರು. "ಪರ್ಪಲ್." "ಈಗ ಟ್ಯೂಬ್‌ಲೈಟ್ ಕೆಳಗೆ?" ಶಾಹೀನ್ ಕಣ್ಣೊರೆಸಿಕೊಂಡು ಒಳಗೆ ಹೋದಳು. "ಅರೇ! ನೀಲಾ ಹೋ ಗಯಾ!" ಮತ್ತೆ ಬಾಗಿಲಿಗೆ ಬಂದಳು, ಮತ್ತೆ ಒಳಗೆ ಹೋದಳು. "ಕೈಸೇ?" ಎಂದಳು. ಮೇಡಂ ಹೇಳಲು ಶುರುಮಾಡಿದರು, ಅರ್ಧ ಕನ್ನಡ, ಅರ್ಧ ಹಿಂದಿ.

ನನ್ನ ರೈಲಿಗೆ ಹೊತ್ತಾಗಿತ್ತು. ದಸ್ತಗೀರ ಓಣಿಯ ಬಾಯಿಯವರೆಗೆ ಬಂದ. "ಈಗ ಏನೂ ಕೇಳಬ್ಯಾಡ ಚನ್ಯಾ," ಎಂದ.

"ಕೇಳಂಗಿಲ್ಲ."

"ಕೇಳಿದ್ರ, ಹೋಗ್ಲಿ ಬಿಡು ಅಂತ ಬಾಯಿಂದ ಬಂದುಬಿಡತೈತಿ. ಅದು ಅಷ್ಟು ಸಸಾರ ಆಗಬಾರದು."

ತಲೆಯಾಡಿಸಿದೆ. ತಿರುಗಿ ನೋಡಿದಾಗ ಅವನು ಮಳೆಯಲ್ಲೇ ನಿಂತಿದ್ದ.

ದಾದರಿನಲ್ಲಿ ರೈಲು ಸಿಕ್ಕಿತು. ಕಿಟಕಿ ಪಕ್ಕದ ಸೀಟು. ಮಳೆ ನಿಂತು ಸೆಕೆ ಇನ್ನೂ ಹೆಚ್ಚಾಗಿತ್ತು. ಕಲ್ಯಾಣ ದಾಟಿದ ಮೇಲೆ, ಮೇಡಂಗೆ ಕೊಟ್ಟು ಬಂದಿದ್ದ ನನ್ನ ನಂಬರಿಗೆ ಫೋನ್ ಬಂತು. ಶಾಹೀನ್.

"ಅಂಕಲ್, ಅಬ್ಬಾ ಪೂಛ್ ರಹೇ ಹೈಂ, ಸೀಟ್ ಮಿಲಾ ಕ್ಯಾ?"

"ಸಿಕ್ಕೈತವ್ವಾ."

ಹಿಂದೆ ಮೇಡಂ ಏನೋ ವಿವರಿಸುತ್ತಿದ್ದುದು ಕೇಳಿಸುತ್ತಿತ್ತು. ಇನ್ನೂ ಮನೆಗೆ ಹೋಗಿರಲಿಲ್ಲ. ಅದರ ನಡುವೆ ದಸ್ತಗೀರನ ದನಿ, ಫೋನಿನಿಂದ ದೂರ ನಿಂತು ಮಗಳಿಗೆ ಹೇಳಿದಂತೆ: "ಘಾಟ್ ಹತ್ತೋ ಮುಂದ ತಣ್ಣನ್ನ ಗಾಳಿ ಬರತೈತಿ. ಖಿಡಕಿ ಹಾಕ್ಕೋ ಅನ್ನು ಅವಗ."

"ಸುನಾ, ಅಂಕಲ್?"

"ಕೇಳ್ತವ್ವಾ," ಎಂದೆ.

ಘಾಟ್ ಇನ್ನೂ ದೂರವಿತ್ತು. ಎದುರಿನ ಸೀಟಿನವರು ಸೆಕೆಗೆ ಪೇಪರ್ ಬೀಸಿಕೊಳ್ಳುತ್ತಿದ್ದರು. ನಾನು ಎದ್ದು ಕಿಟಕಿ ಹಾಕಿದೆ.